ಎರಡನೇ ಬಿಂದಿಗೆಯ ರೇಷ್ಮೆ

"ಅಗೋ ಬಂದ್ಲು ನೋಡಿ ಸಾರ್," ಎಂದಳು ಕರಿಬಸಮ್ಮ, ದನಿ ತಗ್ಗಿಸದೆ.

ರೇಣುಕಾಪ್ರಸಾದ್ ತಿರುಗಿ ನೋಡಿದ. ತುಮಕೂರಿನ ಆ ಗಲ್ಲಿಯ ಬೀದಿ ನಲ್ಲಿಗೆ ಮೂರು ದಿನಕ್ಕೊಮ್ಮೆ ನೀರು. ಹೆಂಗಸರೆಲ್ಲ ಹಳೇ ಸೀರೆ ಎತ್ತಿ ಕಟ್ಟಿ ಕೆಸರಲ್ಲಿ ನಿಂತಿದ್ದರು. ಅವರ ನಡುವೆ ಗಿಣಿಹಸಿರು ರೇಷ್ಮೆ ಬಂದು ನಿಂತಿತು. ಅಂಗೈ ಅಗಲದ ಜರಿ ಅಂಚು. ಉಟ್ಟವಳ ಸೊಂಟದಲ್ಲಿ ನಗ್ಗಿದ ಬಿಂದಿಗೆ. ಹೆಸರು ವನಜಮ್ಮ. ಬಿಪಿಎಲ್ ಕಾರ್ಡಿನ ಫಲಾನುಭವಿ.

ಸುಳ್ಳು ಹೇಳಿ ಕಾರ್ಡು ಪಡೆದವರನ್ನು ಪತ್ತೆ ಹಚ್ಚುವುದು ಆ ವರ್ಷ, 2006ರ ಬೇಸಿಗೆಯಲ್ಲಿ, ರೇಣುಕಾಪ್ರಸಾದನಿಗೆ ಬಿದ್ದ ಕೆಲಸ. ಈ ಗಲ್ಲಿಯಿಂದ ಬಂದ ದೂರು ಕರಿಬಸಮ್ಮನದೇ.

"ಮೊದಲ್ನೇ ಬಿಂದಿಗೆಗೆ ಮಾಮೂಲಿ ಸೀರೇಲಿ ಬಂದಿದ್ಲು ಸಾರ್. ಎರಡನೇದಕ್ಕೆ ನೋಡಿ, ರೇಷ್ಮೆ! ನೀರು ಬಂದಾಗೆಲ್ಲ ಹಿಂಗೇ. ಬಿಂದಿಗೆಗೊಂದು ಸೀರೆ. ನಮ್ಗೆ ಕೊಡೋ ಅಕ್ಕೀನೇ ಇವ್ಳಿಗೂ ಕೊಡ್ತೀರಲ್ಲ, ನ್ಯಾಯಾನಾ?"

ಕುಣಿಗಲ್ಲಿನಲ್ಲಿದ್ದ ಅವನ ಹೆಂಡತಿ ಅನುಪಮಾಳಿಗೆ ರೇಷ್ಮೆ ಸೀರೆ ಇದ್ದದ್ದು ಎರಡೇ. ಗೌರಿ ಹಬ್ಬಕ್ಕೂ ಅವು ಬೀರುವಿನಿಂದ ಹೊರಗೆ ಬರುತ್ತಿರಲಿಲ್ಲ. ಹತ್ತಿರದ ನೆಂಟರ ಮದುವೆಯೇ ಆಗಬೇಕು.

ಆದರೂ ಅವನು ದುಡುಕುವ ಆಸಾಮಿಯಲ್ಲ. ಮೂಲೆಯ ದಿನಸಿ ಅಂಗಡಿಗೆ ಹೋಗಿ ವೆಂಕಟರಂಗಯ್ಯನನ್ನು ವಿಚಾರಿಸಿದ.

"ವನಜಮ್ಮನಾ? ನಮ್ಮತ್ರ ಒಂದ್ ಪೈಸೆ ಸಾಲ ಇಲ್ಲ ಸಾರ್. ಈ ಗಲ್ಲೀಲಿ ಕ್ಯಾಶ್ ಕೊಟ್ಟು ಸಾಮಾನು ತಗಳೋಳು ಅವ್ಳೊಬ್ಳೇ. ದಿನಾ ಬರ್ತಾಳೆ, ದಿನಾ ಕ್ಯಾಶು."

ತಿಂಗಳ ಕೊನೆಗೆ ರೇಣುಕಾಪ್ರಸಾದನೇ ಅಂಗಡಿಯಲ್ಲಿ ಬರೆಸಿ ಬರುತ್ತಿದ್ದ. ದಿನವೂ ನಗದು ಕೊಡುವ ಶಕ್ತಿ ಅವನ ಸಂಬಳಕ್ಕೂ ಇರಲಿಲ್ಲ.

ಅವಳ ಮನೆಯೆಂದರೆ ಒಂದೇ ಕೋಣೆ. ಬಾಗಿಲ ಮುಂದೆ ಅಡ್ಡಲಾಗಿ ಕಟ್ಟಿದ ತಂತಿಯಲ್ಲಿ ಆಗ ತಾನೇ ಒಗೆದ ನೂಲಿನ ಸೀರೆಯೊಂದು ನೀರು ತೊಟ್ಟಿಕ್ಕುತ್ತಿತ್ತು. ಶರ್ಟು ನೆನೆಯದಂತೆ ಬಗ್ಗಿ ಒಳಗೆ ಹೋದ. ಹಿಂದೆಯೇ ಅರ್ಧ ಗಲ್ಲಿ ಬಂದು ಬಾಗಿಲಲ್ಲಿ ನೆರೆಯಿತು.

"ಏನು ಕೆಲಸ ಮಾಡ್ತೀರಮ್ಮ?"

"ಊದುಬತ್ತಿ ಹೊಸೀತೀನಿ ಸಾರ್."

ಬೆರಳುಗಳೆಲ್ಲ ಇದ್ದಿಲ ಹಿಟ್ಟು ಮೆತ್ತಿ ಕಪ್ಪಾಗಿದ್ದವು. ಕೈ ರೇಷ್ಮೆಗೆ ತಾಗದಂತೆ ದೂರ ಹಿಡಿದುಕೊಂಡೇ ಮಾತಾಡುತ್ತಿದ್ದಳು.

"ಯಜಮಾನ್ರು?"

"ತೀರ್ಕೊಂಡ್ರು. ಹುತ್ರಿದುರ್ಗದ ಕಡೆಯೋರು."

"ಈ ಸೀರೆ?"

"ಧಾರೆ ಸೀರೆ ಸಾರ್. ನಮ್ಮಪ್ಪ ಗುಬ್ಬೀಲಿ ಕೊಬ್ರಿ ಯಾಪಾರ ಮಾಡೋರು, ಆಗ."

"ಕೇಳುಸ್ಕೊಂಡ್ರಾ ಸಾರ್? ಕೊಬ್ರಿ ಸಾವ್ಕಾರ್ರ ಮಗ್ಳಂತೆ!" ಬಾಗಿಲಿಂದ ಕರಿಬಸಮ್ಮ ಕೂಗಿದಳು. ಹಿಂದಿದ್ದವರು ನಕ್ಕರು.

ರೇಣುಕಾಪ್ರಸಾದನಿಗೂ ತಡೆಯಲಾಗಲಿಲ್ಲ. "ಅಲ್ಲಮ್ಮಾ, ನಲ್ಲಿ ನೀರು ಹಿಡಿಯೋಕೂ ರೇಷ್ಮೇನೇ ಬೇಕಾ? ಉಡೋಕೆ ಬೇರೆ ಸೀರೆ ಸಿಗ್ಲಿಲ್ವಾ ನಿಮ್ಗೆ?"

ವನಜಮ್ಮ ಬಾಗಿಲಲ್ಲಿದ್ದವರನ್ನು ಒಮ್ಮೆ ನೋಡಿದಳು. ಆಮೇಲೆ ನೆಲ ನೋಡಿದಳು.

"ಸಿಗ್ಲಿಲ್ಲ ಸಾರ್."

ಕರಿಬಸಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಕಿಸಕ್ಕೆಂದಳು. ರೇಣುಕಾಪ್ರಸಾದನ ಮುಖ ಬಿಗಿಯಿತು. ಎಂಥ ಕೊಬ್ಬು!

"ಆ ಟ್ರಂಕು ತೆಗೀರಿ, ನೋಡೋಣ."

ಗೋಡೆಯ ಪಕ್ಕ ತಗಡಿನ ಟ್ರಂಕಿತ್ತು. ಅವಳು ತೆಗೆಯಲಿಲ್ಲ. ಹೋಗಿ ಅದರ ಮೇಲೆ ಕೂತುಬಿಟ್ಟಳು.

"ಬ್ಯಾಡಿ ಸಾರ್. ಇವ್ರೆಲ್ಲರ ಮುಂದೆ ಬ್ಯಾಡಿ."

ಹೆಂಗಸಿನ ಟ್ರಂಕನ್ನು ಬಲವಂತವಾಗಿ ತೆಗೆಸುವಷ್ಟು ಒರಟನಲ್ಲ ಅವನು. ತೆಗೆಸುವ ಅಗತ್ಯವೂ ಕಾಣಲಿಲ್ಲ. ಇನ್ನೆಷ್ಟು ರೇಷ್ಮೆ ಇವೆ ಎಂಬ ಲೆಕ್ಕವೊಂದು ಬಿಟ್ಟರೆ ಮಿಕ್ಕದ್ದೆಲ್ಲ ಕಣ್ಣೆದುರಿಗಿತ್ತು. ನಿಂತಲ್ಲೇ ವರದಿ ಬರೆದು ಸಹಿ ಹಾಕಿದ.

"ಅಕ್ಕಿ ನಿಂತೋಗುತ್ತಾ ಸಾರ್?"

"ಬರೋ ತಿಂಗಳಿಂದ."

"ಬತ್ತಿ ದುಡ್ಡಲ್ಲಿ ಅಂಗ್ಡಿ ಅಕ್ಕಿ ತರಾಕಾಗಲ್ಲ ಸಾರ್."

"ರೇಷ್ಮೆ ಉಡೋರು ಹಂಗನ್ಬಾರ್ದಮ್ಮಾ," ಎಂದ ಅವನು, ಪೆನ್ನು ಜೇಬಿಗೆ ಸಿಕ್ಕಿಸುತ್ತಾ.

ವರದಿ ಮೇಲಕ್ಕೆ ಹೋಯಿತು. ಪಟ್ಟಿ ಅಂತಿಮವಾಯಿತು. ಹೆಸರು ತೆಗೆಸುವ ಅಧಿಕಾರ ರೇಣುಕಾಪ್ರಸಾದನಿಗಿತ್ತು. ತೆಗೆದ ಹೆಸರನ್ನು ಮತ್ತೆ ಸೇರಿಸುವುದು ಅವನ ಕೈಯಲ್ಲಿರಲಿಲ್ಲ.

ರದ್ದಾದ ಕಾರ್ಡು ವಾಪಸು ಪಡೆಯಲು ಅವನು ಮತ್ತೆ ಆ ಗಲ್ಲಿಗೆ ಬಂದದ್ದು ಶ್ರಾವಣದಲ್ಲಿ. ಮೋಡ ಕವಿದಿತ್ತು. ಅಂದೂ ನೀರು ಬಂದಿತ್ತು. ಸಾಲಿನಲ್ಲಿ ಗಿಣಿಹಸಿರು ಕಾಣಲಿಲ್ಲ.

"ಎಲ್ಲಮ್ಮಾ, ನಿಮ್ಮ ಸಾವ್ಕಾರ್ರ ಮಗಳು?"

ಕರಿಬಸಮ್ಮ ಈ ಸಲ ನಗಲಿಲ್ಲ. "ರೇಷ್ಮೆ ಮಾರ್ಕೊಂಡ್ಲು ಸಾರ್, ಅಕ್ಕಿಗೆ. ಆವತ್ತಿಂದ ಅದೇನಾಗೈತೋ ಗೊತ್ತಿಲ್ಲ. ಮೊದಲ್ನೇ ಬಿಂದಿಗೆ ಹಿಡ್ಕೊಂಡು ಹೋದ್ಲು ಅಂದ್ರೆ ಮುಗೀತು. ಎರಡನೇದಕ್ಕೆ ಬರೋದೇ ಇಲ್ಲ. ಕದ ಹಾಕ್ಕೊಂಡು ಒಳಗೇ ಇರ್ತಾಳೆ. ಕರೆದ್ರೂ ಬರಲ್ಲ."

ಇನ್ನೂ ಸಿಟ್ಟು ಇಳಿದಿಲ್ಲ ಎಂದುಕೊಂಡ ರೇಣುಕಾಪ್ರಸಾದ್. ಮಾರಲು ಒಂದು ರೇಷ್ಮೆಯಾದರೂ ಇತ್ತಲ್ಲ. ಎಷ್ಟೋ ಮನೆಗಳಲ್ಲಿ ಅದೂ ಇರುವುದಿಲ್ಲ.

ಅದೇ ತಂತಿ, ಅದೇ ನೂಲಿನ ಸೀರೆ. ಈ ಸಲ ಬಗ್ಗಿದರೂ ನಾಲ್ಕು ಹನಿ ಅವನ ಕತ್ತಿನ ಮೇಲೆ ಬಿದ್ದವು. ಬಾಗಿಲು ತಟ್ಟಿದ. ಒಳಗೆ ಏನೋ ಸರಿದ ಸದ್ದಾಯಿತು, ಚಿಲಕ ತೆಗೆಯಲಿಲ್ಲ. ಮತ್ತೆ ತಟ್ಟಿ, ತಾನು ಯಾರೆಂದು ಹೇಳಿದ. ಸರ್ಕಾರಿ ಕೆಲಸ, ತಡ ಮಾಡಬೇಡಿ ಎಂದ.

"ಕಾರ್ಡ್ ಕೊಡ್ತೀನಿ ಸಾರ್, ಒಸಿ ತಡೀರಿ," ಎಂದಿತು ಬಾಗಿಲ ಹಿಂದಿನ ದನಿ. "ಸೀರೆ ಒಣಗ್ಲಿ."