ಫೋನಿಗಿಟ್ಟ ಬೊಟ್ಟು

ಕಣ್ಣು ಕಾಣದವರಿಗೆಂದು ಬಂದ ಪರದೆಯಿಲ್ಲದ ಫೋನನ್ನೇ ಈಗ ಎಲ್ಲರೂ ಕೊರಳಿಗೆ ಹಾಕಿಕೊಳ್ಳುತ್ತಿದ್ದರು. ಎದುರಿಗಿದ್ದುದನ್ನು ಅದು ದಾಕ್ಷಿಣ್ಯವಿಲ್ಲದೆ ಹೇಳಿಬಿಡುತ್ತಿತ್ತು. ಪ್ರತಿ ಗೌರಿಹಬ್ಬಕ್ಕೂ ತಾನು ಉಟ್ಟು ಬಿಟ್ಟ ಸೀರೆಗೆ ಇಸ್ತ್ರಿ ಮಾಡಿಸಿ, ಹೊಸದೆಂದು ಕುರುಡು ತಂಗಿಗೆ ಕೊಡುತ್ತ ಬಂದಿದ್ದ ಸರ್ವಮಂಗಳೆ ತನ್ನ ಫೋನನ್ನು ಮನೆಯಲ್ಲೇ ಬಿಟ್ಟು ಬಂದಿದ್ದಳು.

ತಂಗಿ ಶಾಂಭವಿಯ ಫೋನಿನ ಕ್ಯಾಮೆರಾಕ್ಕೆ ಹಣೆಯ ಬೊಟ್ಟೊಂದು ಅಂಟಿಕೊಂಡಿತ್ತು.

"ಇದೇನೇ?"

"ನೀನೇ ಬಂದಿರುವಾಗ ಅದ್ಯಾಕಕ್ಕಾ ವಟಗುಟ್ಟಬೇಕು? ಹೇಳು, ಈ ಸಲ ಯಾವ ಬಣ್ಣ?"

"ಹಸಿರು" ಎಂದವಳಿಗೆ, "ಹೊಸದು" ಎನ್ನಲು ನಾಲಿಗೆ ಹೊರಳಲಿಲ್ಲ. ಬೊಟ್ಟು ಕಿತ್ತು, ಸೀರೆಯನ್ನು ಎದುರಿಗೆ ಹಿಡಿದಳು.

"ಹಳೆಯ ಹಸಿರು ಸೀರೆ. ಸೆರಗಿನಲ್ಲಿ ಅರಿಸಿನದ ಕಲೆ" ಎಂದಿತು ಫೋನು.

"ಹೋದ ವರ್ಷದ್ದಕ್ಕೂ ಹಿಂಗೇ ಅಂದಿತ್ತು," ಶಾಂಭವಿ ಮೆಲ್ಲಗೆ ಅಂದಳು. "ಬೇಗ ಬೊಟ್ಟು ಅಂಟಿಸಕ್ಕಾ, ನೀನು ಅಳೋದನ್ನೂ ಹೇಳ್ಬಿಡುತ್ತೆ."