ಅವಳ ಗೇಣು

ದರ್ಜಿ ಒದ್ದಾಡುವ ಮೀನನ್ನು ಹೆಂಡತಿಯ ಕುರ್ಚಿಯ ಮುಂದೆ ಹಿಡಿದ. ಮದುವೆಯಾದಾಗಿನಿಂದ ಕೆರೆಯ ದಂಡೆಯಲ್ಲಿ ಅವಳದೇ ಕಾನೂನು: ಅವಳ ಗೇಣಿಗಿಂತ ಚಿಕ್ಕದಾದರೆ ಮರಿ, ನೀರಿಗೆ ವಾಪಸ್. ಅವನ ಟೇಪನ್ನು ಜೇಬಿನಿಂದ ಹೊರಗೆ ತೆಗೆಯಲೂ ಬಿಟ್ಟವಳಲ್ಲ.

ಅವಳಿಗೆ ಲಕ್ವ ಹೊಡೆದ ಮೇಲೆ ಇವತ್ತೇ ಮೊದಲ ಸಲ ಬಂದಿದ್ದರು. ಅವಳು ಅಭ್ಯಾಸಬಲದಿಂದ ಬಲಗೈಯನ್ನೇ ಚಾಚಿದಳು. ಹೆಬ್ಬೆರಳು ಮೀನಿನ ಮೂತಿಗೆ ತಾಗಿತು. ಸೆಟೆದ ಕಿರುಬೆರಳು ಹೊಟ್ಟೆಯ ಹತ್ತಿರವೇ ನಿಂತಿತು.

"ಗೇಣು ದಾಟಿದೆ ರೀ!" ಎಂದು ತೊದಲಿದಳು.

"ಭಾರಿ ಮೀನು ಕಣೇ," ಎಂದು ಅವನು ಆ ಮರಿಯನ್ನು ಬಕೆಟ್ಟಿಗೆ ಬಿಟ್ಟ.

ಅವಳು ಬಕೆಟ್ಟಿನೊಳಗೆ ಇಣುಕಿದಳು. ಆಮೇಲೆ ತನ್ನ ಕೈಯನ್ನು ನೋಡಿಕೊಂಡಳು.

"ರೀ... ಟೇಪು ಇದೆಯಾ?"

ಜೇಬಿನಲ್ಲಿದ್ದ ಟೇಪನ್ನು ಅವನು ಬಿಗಿಯಾಗಿ ಹಿಡಿದುಕೊಂಡ.

"ಮರೆತು ಬಂದೆ ಕಣೇ. ನಿನ್ನ ಗೇಣಿದೆಯಲ್ಲ."