ದಂತವೈದ್ಯನಿಗೆ ಅಭಿಷೇಕ

"ಸೇಠ್, ಈ ಕುಂಕುಮ ತೊಳೀಬೇಕಾಗುತ್ತೆ" ಎಂದು ಚೀನೀ ಹುಡುಗಿ ಬಂಬಯ್ಯಾ ಹಿಂದಿಯಲ್ಲಿ ಹೇಳಿದಾಗ ಕಾಂತಪ್ಪನ ಕೈಯ ಊದುಬತ್ತಿ ಗಾಳಿಯಲ್ಲೇ ನಿಂತಿತು.

ಬೈಕುಲ್ಲಾದ ಅವನ ಹೋಟೆಲು ಮೊದಲು ಚೀನೀ ದಂತವೈದ್ಯನ ದವಾಖಾನೆಯಾಗಿತ್ತು. ವೈದ್ಯ ಭಾಂಡುಪಿಗೆ ಹೋಗುವಾಗ ಒಂದೇ ಅಕ್ಷರ ಕೆತ್ತಿದ್ದ ಹಲಗೆಯನ್ನು ಗೋಡೆಯಲ್ಲೇ ಬಿಟ್ಟಿದ್ದ. ಇಡ್ಲಿ ತಿನ್ನಲು ಬಂದ ಚೀನೀಯರನ್ನೆಲ್ಲ ಕಾಂತಪ್ಪ ಇದೇನೆಂದು ಕೇಳಿದ. ಕ್ಯಾಂಟನ್ನಿನ ಬಡಗಿ ‘ಹ್ಯೂನ್’ ಎಂದ. ಉತ್ತರ ಚೀನಾದ ನಾವಿಕ ‘ಶ್ವೆನ್’ ಎಂದ. ಚಪ್ಪಲಿ ಅಂಗಡಿಯವನು ಇಂಥ ಅಕ್ಷರವನ್ನೇ ಕಂಡಿಲ್ಲವೆಂದು ಇನ್ನೊಂದು ವಡೆ ತರಿಸಿಕೊಂಡ. ಬಡಗಿ ಮಾತ್ರ ಒಂದು ಮಾತು ಸೇರಿಸಿದ್ದ: "ಎಡಗಡೆ ಇರೋದು ದೇವರ ಪೀಠದ ಗುರುತು."

ಹೆಸರು ಎರಡೆರಡು, ಮೇಲೆ ಪೀಠ ಬೇರೆ. ಕಾಂತಪ್ಪನಿಗೆ ಇನ್ನೇನು ಬೇಕು? ಮರುದಿನದಿಂದ ಹಲಗೆಗೆ ಎಣ್ಣೆ, ಕುಂಕುಮ, ಮಲ್ಲಿಗೆ. ವ್ಯಾಪಾರವೂ ಕುದುರಿತು.

"ಭಗವಾನ್ ನಹೀಂ ಸೇಠ್, ಮೇರಾ ಬಾಪ್ ಹೈ" ಎಂದಳು ಹುಡುಗಿ. "ದೇವರಲ್ಲ, ನಮ್ಮ ಮನೆತನದ ಹೆಸರು ಅದು. ಅಪ್ಪ ಹೋದ ವಾರ ತೀರಿಕೊಂಡ. ಆಂಟಾಪ್ ಹಿಲ್ ಸ್ಮಶಾನದಲ್ಲಿ ಕಲ್ಲು ನಿಲ್ಲಿಸಬೇಕು. ಈ ಅಕ್ಷರ ಅಪರೂಪದ್ದು, ನಮ್ಮವರಲ್ಲಿ ಓದೋರಿಗೂ ಬರೆಯೋಕೆ ಬರಲ್ಲ. ನನಗೂ ಕಲಿಸಿಲ್ಲ. ಹೆಸರಿಲ್ಲದ ಕಲ್ಲು ನಿಲ್ಲಿಸ್ಲಾ?"

ಕುಂಕುಮದ ಹೆಕ್ಕಳದಡಿ ಅಕ್ಷರದ ಅರ್ಧ ಗೆರೆಗಳು ಕಾಣುತ್ತಿರಲಿಲ್ಲ.

"ತೊಳೆದ್ರೆ ದೇವರು ಎದ್ದು ಹೋಗ್ತದೆ ಧಣಿ, ಹಿಂದಿನಿಂದ ಗಿರಾಕಿಗಳೂ" ಎಂದ ಅಡುಗೆಯ ಸೀನ.

"ನೀನು ಸಾಂಬಾರು ನೋಡು ಮಾರಾಯ. ದೇವರಾದ್ರೆ ಅಭಿಷೇಕ, ಮನುಷ್ಯನಾದ್ರೆ ಸ್ನಾನ. ಬಿಸಿನೀರು ತಾ."

ಸೀಗೆಪುಡಿ ಹಚ್ಚಿ, ತೆಂಗಿನ ನಾರಿನಿಂದ ಕಾಂತಪ್ಪನೇ ಮೆಲ್ಲಗೆ ಉಜ್ಜಿದ. ಬಾಯಿ ಅಭ್ಯಾಸಬಲದಿಂದ ಮಂತ್ರ ಹೇಳುತ್ತಿತ್ತು. ಕೆಂಪು ನೀರು ಇಳಿದು ಗೆರೆಗಳು ಒಂದೊಂದಾಗಿ ಹೊರಬಂದವು. ಹುಡುಗಿ ತೆಳುಕಾಗದ ಒತ್ತಿಹಿಡಿದು, ಒಲೆಯ ಇದ್ದಿಲು ಕೇಳಿ ಮೇಲೆ ತಿಕ್ಕಿ, ಅಕ್ಷರದ ಅಚ್ಚು ಎತ್ತಿಕೊಂಡಳು.

"ಇಷ್ಟು ದಿನ ಅಪ್ಪನನ್ನ ನೀವು ಏನಂತ ಕರೀತಿದ್ರಿ?" ಎಂದಳು, ಕಾಗದ ಸುರುಳಿ ಸುತ್ತುತ್ತ.

"ಹೆಸರು ಹಿಡಿದು ಕರೀಲಿಲ್ಲಮ್ಮ. ಬಾಗಿಲು ತೆಗೆಯುವಾಗ ‘ನೀನೇ ನೋಡ್ಕೋ ಮಾರಾಯ’ ಅಂತಿದ್ದೆ, ಅಷ್ಟೆ."

ಹುಡುಗಿ ನಕ್ಕಳು, ಆಮೇಲೆ ಕಣ್ಣೊರೆಸಿಕೊಂಡಳು.

ಮರುದಿನ ಬೆಳಿಗ್ಗೆ ಕುಂಕುಮದ ಬೆರಳು ಹಲಗೆಯವರೆಗೂ ಹೋಗಿ ನಿಂತಿತು. ಸೀನ ಕಾವಲಿಯ ಮೇಲೆ ದೋಸೆ ಮರೆತು ನೋಡುತ್ತಿದ್ದ. ಕಾಂತಪ್ಪ ಪಕ್ಕದ ಬೋಳು ಗೋಡೆಗೆ ಕುಂಕುಮ ಹಚ್ಚಿ ಕೈಮುಗಿದ. ಹಲಗೆಯ ಮುಂದೆ ಒಂದು ಲೋಟ ಕಾಫಿ ಇಟ್ಟ, ಸಕ್ಕರೆ ಇಲ್ಲದ್ದು.